ಬರೆಯದೆ ಬಿಟ್ಟ ಬಿಳುಪು

ಪಾರದರ್ಶಕ ಜಲವರ್ಣದಲ್ಲಿ ಹಿಮವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಬರೆಯದೆ ಬಿಡುತ್ತಾರೆ. ಆಗಸಕ್ಕೆ ಬೂದುಬಣ್ಣದ ತೆಳುನೀರನ್ನು ಹರಿಯಿಸಿ, ಮನೆಗಳ ಸಾಲಿಗೆ ಕಾವಿಯನ್ನೂ ನೆರಳಿಗೆ ಮಾಸಲು ನೀಲಿಯನ್ನೂ ಲೇಪಿಸಿ, ಕುಂಚವು ಎಲ್ಲಿ ತಡೆದು ನಿಲ್ಲುವುದೋ ಅಲ್ಲಿ, ಒಣಗಿದ ಬಣ್ಣದ ಅಂಚಿನಿಂದಾಚೆಗೆ, ಬರಿಯ ಕಾಗದವೇ ಹಿಮವಾಗಿ ತೋರುತ್ತದೆ. ಅಭಾವವನ್ನೂ ಒಂದು ಪದಾರ್ಥವೆಂದೆಣಿಸಿದ ನಮ್ಮ ವೈಶೇಷಿಕರಿಗೆ ಇದು ಒಪ್ಪುವ ಮಾತೇ. ಆದರೆ ಆ ಬಿಳುಪಿನಿಂದ ನಮ್ಮ ಮನಸ್ಸನ್ನು ಕವಿಯುವ ವಿಷಾದವು ಯಾರದು?

ಅನ್ನಾ ಒಸ್ತ್ರೊಉಮೋವಾ-ಲೆಬೆದೆವಾ (1871–1955) ರಷ್ಯಾದ ಪೀಟರ್ಸ್‌ಬರ್ಗ್ ನಗರವನ್ನು ಮರದಚ್ಚಿನಲ್ಲಿಯೂ ಜಲವರ್ಣದಲ್ಲಿಯೂ ದಶಕಗಳ ಕಾಲ ಚಿತ್ರಿಸಿದಾಕೆ. ಆ ನಗರವು ಲೆನಿನ್‌ಗ್ರಾದ್ ಎನಿಸಿಕೊಂಡಿದ್ದ ಕಾಲದಲ್ಲಿ, 1941ರ ಸೆಪ್ಟೆಂಬರಿನಿಂದ 1944ರ ಜನವರಿಯವರೆಗೆ, ಜರ್ಮನ್ ಸೇನೆ ಅದನ್ನು ಮುತ್ತಿತು. ಮೊದಲ ಚಳಿಗಾಲದಲ್ಲಿ ಹಲವರ ದಿನದ ಪಾಲು 125 ಗ್ರಾಂ ರೊಟ್ಟಿಗೆ ಇಳಿಯಿತು. ಕೊಳಾಯಿಗಳು ಹೆಪ್ಪುಗಟ್ಟಲು, ಜನರು ನೆವಾ ನದಿಯ ಮಂಜುಗಡ್ಡೆಯನ್ನು ಒಡೆದು ನೀರು ಮೊಗೆದರು. ಮಕ್ಕಳು ಆಡುತ್ತಿದ್ದ ಪುಟ್ಟ ಜಾರುಬಂಡಿಗಳ ಮೇಲೆ ಬಟ್ಟೆ ಸುತ್ತಿದ ಹೆಣಗಳನ್ನು ಎಳೆದೊಯ್ದರು. ಎಪ್ಪತ್ತರ ವೃದ್ಧೆಯಾದ ಆಕೆಯೂ ಊರನ್ನು ಬಿಡಲಿಲ್ಲ. ಆ ಚಳಿಯನ್ನುಂಡು ಬದುಕುಳಿದವರು ಶಾಂತಿಕಾಲದ ಹಿಮಚಿತ್ರವೊಂದನ್ನು ಮರಳಿ ನೋಡಿದರೆ, ಅಲ್ಲಿ ಬರೆದೇ ಇರದ ಜಾರುಬಂಡಿಯು ಆ ಬಿಳುಪಿನಲ್ಲಿ ಮೂಡದಿರುವುದು ಸಾಧ್ಯವೆ?

ಚಿತ್ರದ ಕುದುರೆ ನಿಜವೂ ಅಲ್ಲ, ಸುಳ್ಳೂ ಅಲ್ಲ, ಆದರೂ ಅದು ಕುದುರೆಯೆಂಬ ಅರಿವು ನಮಗುಂಟಾಗುತ್ತದೆಂದು ಸಂಸ್ಕೃತ ಕಾವ್ಯಮೀಮಾಂಸಕನಾದ ಶ್ರೀಶಂಕುಕನು ತನ್ನ ರಸವಿಚಾರದಲ್ಲಿ ದೃಷ್ಟಾಂತವಿತ್ತನು. ಅಭಿನವಗುಪ್ತನು ಮುಂದೆ ಹೋಗಿ, ಸಹೃದಯನಲ್ಲಿ ಮೊದಲೇ ಹುದುಗಿದ ವಾಸನೆಯಿಂದಲೇ, ಎಂದರೆ ಹಿಂದಿನ ಅನುಭವಗಳ ಸಂಸ್ಕಾರದಿಂದಲೇ, ರಸಾನುಭವವೆಂದನು. ಮಾತ್ರವಲ್ಲ, ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿದವನಿಗೆ ಅದೇ ರಸಕ್ಕೆ ವಿಘ್ನವೆಂದೂ ಎಣಿಸಿದನು. ಹಾಗಾದರೆ ಇದೊಂದು ವಿಚಿತ್ರ ನ್ಯಾಯ: ಹಿಮವನ್ನೇ ಕಾಣದ ನನಗೆ ಒಂಟಿತನದ, ಅಗಲಿಕೆಯ ವಾಸನೆಗಳ ಬಲದಿಂದ ಆ ಚಿತ್ರವು ರಸವಾಗುತ್ತದೆ, ಆ ಮುತ್ತಿಗೆಯಲ್ಲಿ ಮಗುವನ್ನು ಕಳೆದುಕೊಂಡ ತಾಯಿಗೆ ಅದು ಬರಿಯ ಅಳಲಾಗಿಯೇ ಉಳಿಯುತ್ತದೆ. ವಾಸನೆ ಎಲ್ಲರ ಸೊತ್ತು; ಸ್ಮೃತಿಗೆ ಒಡೆಯರಿದ್ದಾರೆ.

ಆ ಊರಿನ ಚರಿತ್ರೆಯನ್ನು ಓದಿಕೊಂಡ ಮಾತ್ರಕ್ಕೆ ನನ್ನ ರಸ ಇಮ್ಮಡಿಯಾಗದು, ಅವರ ದುಃಖ ನನ್ನದೂ ಆಗದು. ಆದರೂ ಓದಬೇಕೆಂದೇ ನನ್ನ ಮತ. ಓದಿದವನು ಆ ಬಿಳುಪನ್ನು ತನ್ನ ಭಾವದಿಂದ ತುಂಬುವ ಮುನ್ನ ಒಂದು ಗಳಿಗೆ ಅಳುಕುತ್ತಾನೆ. ನಮ್ಮ ಕಡೆ ಸಾವಿನ ಮನೆಗೆ ಹೋದವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಎದ್ದು ಹೊರಡುವಾಗ ‘ಹೋಗಿಬರುತ್ತೇನೆ’ ಎನ್ನದೆ ಹೊರಟುಬಿಡುತ್ತಾರೆ. ಆ ಹಿಮದ ಮುಂದಿನಿಂದಲೂ ಹಾಗೆಯೇ ಏಳಬೇಕು.