ಎರಡೂವರೆ ತಾಸು ಮುಂದೆ

ನಮ್ಮ ಮನೆಯಲ್ಲಿ ಟಿ.ವಿ. ಕಟ್ಟೆಯ ಕೆಳಗೆ ಒಂದು ಕರಿ ಡಬ್ಬಿ ಕೂತಿದೆ. 2013ರಲ್ಲಿ ತಂದದ್ದು. ಹೊರಗಿನ ನಾಲ್ಕು ಕ್ಯಾಮೆರಾಗಳು ಕಂಡದ್ದನ್ನೆಲ್ಲ ಅದು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಒಂದು ಟಿ.ಬಿ. ಹಾರ್ಡ್ ಡಿಸ್ಕ್. ಅದರಲ್ಲಿ ಸುಮಾರು ಹನ್ನೊಂದು ದಿನದ ಚಿತ್ರ ಹಿಡಿಸುತ್ತದೆ. ಹನ್ನೆರಡನೆಯ ದಿನ ಬಂತೆಂದರೆ ಎಲ್ಲಕ್ಕಿಂತ ಹಳೆಯದನ್ನು ಅಳಿಸಿ ಅದರ ಮೇಲೆಯೇ ಬರೆಯುತ್ತ ಹೋಗುತ್ತದೆ. ಅದು ನಿಜವಾಗಿ ಕೆಲಸಕ್ಕೆ ಬಂದದ್ದು ಒಂದೇ ಒಂದು ಸಲ. ಆ ಸಲದ ಕತೆಯನ್ನೇ ಹೇಳಬೇಕಾಗಿದೆ.

ನಾವು ಜಮಖಂಡಿ ಕಡೆಯವರು. ನಾನು ಜೇಜುರಿ ಎಂ.ಐ.ಡಿ.ಸಿ.ಯ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುತ್ತೇನೆ, ನನ್ನವಳು ಸಾಲಿಯಲ್ಲಿ ಕಲಿಸುತ್ತಾಳೆ. ಇರುವುದು ಸಾಸವಡದಲ್ಲಿ. ಪುಣೆಯಿಂದ ಹಡಪಸರ ದಾಟಿ ದಿವೆ ಘಾಟ ಹತ್ತಿ ಬಂದರೆ ಕರ್ಹಾ ನದಿ ದಂಡೆಯ ಊರು, ಸೀತಾಫಲ ಅಂಜೂರಗಳ ಪೇಟೆ. ಊರಿನವರು ಕೇಳಿದರೆ "ಮೈಲಾರಲಿಂಗನ ಜೇಜುರಿ ಐತೆಲ್ಲ, ಅದರ ಇತ್ತಲಾಗ" ಅನ್ನುತ್ತೇನೆ. ಅಷ್ಟಕ್ಕೇ ಅವರಿಗೆ ತಿಳಿಯುತ್ತದೆ.

ಹೊಸದಾಗಿ ಬಂದಾಗ ಊರಿಗೆ ಹೋಗುವ ಮುಂದೆ ಆಚೆ ಮನೆಯ ಆಜಿಗೆ ಕೀಲಿ ಕೊಟ್ಟು ಹೋಗುತ್ತಿದ್ದೆವು. "ಘರಾಕಡೆ ಲಕ್ಷ ಠೇವಾ" ಎಂದು ಹೇಳಲು ನನಗೆ ಯಾರೂ ಕಲಿಸಬೇಕಾಗಿ ಬರಲಿಲ್ಲ. ನಮ್ಮವ್ವ ಜೀವಮಾನವಿಡೀ ನೆರೆಯವರಿಗೆ "ಮನಿ ಕಡೆ ಲಕ್ಷ್ಯ ಇರ್ಲಿ" ಅನ್ನುತ್ತ ಬಂದವಳು. ಎರಡೂ ಭಾಷೆಗೆ ಒಂದೇ ಶಬ್ದ. ಮುಂದೆ ಗಲ್ಲಿಯಲ್ಲಿ ಎರಡು ಕಳವು ಆದವು, ಕ್ಯಾಮೆರಾ ಹಾಕಿಸಿದೆವು, ಆಜಿಗೆ ಕೀಲಿ ಕೊಡುವುದು ತಾನಾಗಿಯೇ ನಿಂತಿತು. ನಿಂತದ್ದು ನಮಗೆ ಗೊತ್ತೂ ಆಗಲಿಲ್ಲ. ಆಕೆಗೆ ಗೊತ್ತಾಗಿರಬೇಕು.

ಕೀಲಿಯ ಇನ್ನೊಂದು ಜೋಡು ಇದ್ದದ್ದು ನಮ್ಮಲ್ಲಿ ಭಾಂಡಿ ತಿಕ್ಕುವ ಮಾವಶಿಯ ಹತ್ತಿರ. ಒಂಬತ್ತು ವರ್ಷದಿಂದ ಬರುತ್ತಿದ್ದಳು. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಗಲಾಟೆಯಿಂದ ಎರಡೂ ರಾಜ್ಯಗಳ ನಡುವೆ ಬಸ್ಸು ನಿಂತಾಗ, ಪುಣೆಯಲ್ಲಿ ನಮ್ಮ ಕಡೆಯ ಬಸ್ಸುಗಳಿಗೆ ಕರಿ ಬಳಿದಾಗ, ನಾನು ಮನೆಯೊಳಗೂ ದನಿ ತಗ್ಗಿಸಿ ಕನ್ನಡ ಮಾತಾಡುತ್ತಿದ್ದೆ. ಇಪ್ಪತ್ತು ವರ್ಷ ಇದ್ದರೂ ಪರವೂರಿನವನು ಪರವೂರಿನವನೇ ನೋಡ್ರಿ. ಅಂಥ ದಿನ ಬಂದಾಗ ಅದು ನೆನಪಾಗುತ್ತದೆ. ಮಾವಶಿ ಕೈಯೊರೆಸಿಕೊಳ್ಳುತ್ತ ಹೇಳಿದ್ದಳು: "ಸರ, ಆಮ್ಹೀ ಆಹೋತ ನಾ." ನಾವಿದ್ದೀವಲ್ಲ ಅಂತ. ನಾನು ಅದನ್ನು ಕೇಳಿ ಸುಮ್ಮನೆ ನಕ್ಕಿದ್ದೆ.

ಅದೇ ವರ್ಷದ ಜೂನ್. ಜ್ಞಾನೇಶ್ವರರ ಪಾಲಖಿ ಸಾಸವಡದಲ್ಲಿ ಎರಡು ರಾತ್ರಿ ತಂಗುತ್ತದೆ. ಸೋಪಾನದೇವರ ಪಾಲಖಿಯೂ ಇಲ್ಲಿಂದಲೇ ಪಂಢರಪುರಕ್ಕೆ ಹೊರಡುತ್ತದೆ. ಅವೆರಡು ದಿನ ಊರಿಗೆ ಊರೇ ಛತ್ರ. ವಾರಕರಿಗಳಿಗೆ ಊಟ ಹಾಕಲಿಕ್ಕೆ ನಮ್ಮ ಗಲ್ಲಿಯಲ್ಲಿ ಪಟ್ಟಿ ಎತ್ತಿದ ಹಣ, ಹನ್ನೊಂದು ಸಾವಿರದ ಐನೂರು ರೂಪಾಯಿ, ಲೆಕ್ಕದವನೆಂದು ನನ್ನ ಹತ್ತಿರ ಕೊಟ್ಟಿದ್ದರು. ಅಡಿಗೆಮನೆಯ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೆ. ಒಂದು ಸಂಜೆ ನೋಡಿದರೆ ಹಣ ಇಲ್ಲ.

ನನ್ನ ಸ್ವಂತ ಹಣವಾಗಿದ್ದರೆ ಎರಡು ದಿನ ಹುಡುಕುತ್ತಿದ್ದೆನೇನೋ. ಇದು ಹತ್ತು ಮನೆಯ ಹಣ, ಅದೂ ದೇವರ ಹೆಸರಿನದು, ಅದೂ ಕಾನಡಿಯವನ ಕೈಯಲ್ಲಿ ಕಳೆದದ್ದು. ಎದೆ ಢವಢವ ಅಂತಿತ್ತು. ರಿಮೋಟ್ ಹಿಡಿದು ಡಬ್ಬಿಯ ಮುಂದೆ ಕೂತೆ. ನನ್ನವಳು ಸಾಲಿಗೆ ಹೋಗುವುದು ಹನ್ನೆರಡಕ್ಕೆ, ಬರುವುದು ಐದೂವರೆಗೆ. ಆ ಹೊತ್ತಿನದಷ್ಟೇ ತೆಗೆದು ಓಡಿಸಿದೆ. 1 ಗಂಟೆ 35 ನಿಮಿಷಕ್ಕೆ ಮಾವಶಿ ಗೇಟು ತೆಗೆದು ಒಳಗೆ ಬಂದಳು. 2 ಗಂಟೆ 10ಕ್ಕೆ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಹೊರಟಳು. ಉಳಿದ ಅನ್ನವೋ ಚಪಾತಿಯೋ ದಿನವೂ ಹಾಗೆ ಕಟ್ಟಿಕೊಂಡು ಹೋಗುವುದು ಆಕೆಯ ರೂಢಿ. ಅದು ನನಗೆ ಗೊತ್ತಿದ್ದದ್ದೇ. ಆದರೆ ಆ ಸಂಜೆ ಗೊತ್ತಿರಲಿಲ್ಲ.

"ಆಕೀ ಹನ್ನೊಂದಕ್ಕ ಬಂದು ನಾ ಇದ್ದಾಗಲೇ ಹೋದಳ್ರೀ" ಅಂದಳು ನನ್ನವಳು. ಮತ್ತೆ ಎರಡನೆಯ ಸಲ ಬಂದಿದ್ದಾಳೆ ಅಂದೆ ನಾನು. ಪರದೆಯ ಮೂಲೆಯಲ್ಲಿ ತಾರೀಖು ಇದೆ, ಹೊತ್ತು ಇದೆ, ಇನ್ನೇನು ಬೇಕು? ತುಣುಕನ್ನು ಪೆನ್ ಡ್ರೈವಿಗೆ ಇಳಿಸಿಕೊಂಡೆ.

ಮರುದಿನ ಆಕೆಗೆ ಕೇಳಿದೆ, ನಿನ್ನೆ ಮಧ್ಯಾಹ್ನ ಯಾಕೆ ಬಂದಿದ್ದೆ ಎಂದು. ಬಂದಿಲ್ಲ ಅಂದಳು. ಟಿ.ವಿ. ಹಚ್ಚಿ ತೋರಿಸಿದೆ. ಬಹಳ ಹೊತ್ತು ನೋಡಿದಳು. "ಹೀ ಮೀಚ್ ಆಹೇ" ಅಂದಳು, ಇದು ನಾನೇ. "ಪಣ ಮೀ ದುಪಾರೀ ಆಲೇ ನಾಹೀ." ಆದರೆ ಮಧ್ಯಾಹ್ನ ಬಂದಿಲ್ಲ. ಕಳವಿನ ಮಾತು ನಾನು ಬಾಯಿಬಿಟ್ಟು ಆಡಲಿಲ್ಲ. ಆಡಲಿಲ್ಲ ಎಂಬುದನ್ನು ಎಷ್ಟೋ ದಿನ ದೊಡ್ಡ ಸೌಜನ್ಯ ಅಂತಲೇ ತಿಳಿದುಕೊಂಡಿದ್ದೆ. ಸೊಂಟದಿಂದ ಕೀಲಿ ತೆಗೆದು ಟೇಬಲ್ಲಿನ ಮೇಲೆ ಇಟ್ಟು ಹೋದಳು. ಪಟ್ಟಿ ಹಣ ನಾನು ಕೈಯಿಂದ ತುಂಬಿದೆ. ಪಾಲಖಿ ಬಂತು, ಊಟ ಆಯಿತು, ಪಾಲಖಿ ಹೋಯಿತು.

ಮುಂದೆ ಒಂದು ತಿಂಗಳಿಗೆ ಡಬ್ಬಿ ಪೂರ್ತಿ ಕೆಟ್ಟು ಪೀಂ ಪೀಂ ಅನ್ನತೊಡಗಿತು. ರಿಪೇರಿಯ ಹುಡುಗ ಬಂದ. ಮೇಲಿನ ಮುಚ್ಚಳ ಬಿಚ್ಚಿ ಒಳಗಿನ ಧೂಳು ಊದಿ, ನಾಲ್ಕಾಣೆ ಪಾವಲಿಯಷ್ಟಿದ್ದ ಒಂದು ಬ್ಯಾಟರಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. ಇದು ಸತ್ತು ವರ್ಷ ಆಗಿರಬೇಕು ಅಂದ. ಕರೆಂಟು ಹೋದಾಗ ಗಡಿಯಾರ ನಡೆಸುವುದು ಇದೇ. ಇದು ಸತ್ತರೆ ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರಕ್ಕೆ 2000ದ ಜನವರಿ 1. ಆಮೇಲೆ ಅದು ಇಂಟರ್‌ನೆಟ್ಟಿನಿಂದ ಹೊತ್ತು ಕೇಳಿ ತಿದ್ದಿಕೊಳ್ಳುತ್ತದೆ. ಆದರೆ ಪಾಸ್‌ವರ್ಡ್ ಮರೆತಿತ್ತೆಂದು ಮೇ ತಿಂಗಳಲ್ಲಿ ಯಾರನ್ನೋ ಕರೆಸಿ ಅದನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಿದ್ದೆವಲ್ಲ, ಆಗ ಅದು ಚೀನದ ಹೊತ್ತಿಗೆ ಹೋಗಿ ಕೂತಿತ್ತು. ಬೀಜಿಂಗಿನ ಗಡಿಯಾರ ಗ್ರೀನಿಚ್‌ಗಿಂತ ಎಂಟು ತಾಸು ಮುಂದೆ, ನಮ್ಮದು ಐದೂವರೆ. "ತುಮಚಾ ಡಿವಿಆರ್ ಅಡೀಚ ತಾಸ ಪುಢೇ ಆಹೇ, ಸರ," ಎಂದು ನಕ್ಕ. ಎರಡೂವರೆ ತಾಸು ಮುಂದೆ.

1 ಗಂಟೆ 35ರಲ್ಲಿ ಎರಡೂವರೆ ತಾಸು ಕಳೆಯಲು ಲೆಕ್ಕದವನು ಬೇಕಾಗಿಲ್ಲ.

ಹುಡುಗ ಹೋದ ಮೇಲೆ ಪೆನ್ ಡ್ರೈವ್ ಹಚ್ಚಿ ಆ ತುಣುಕನ್ನು ಇನ್ನೊಮ್ಮೆ ನೋಡಿದೆ. ಎರಡು ಮಳೆಗಳ ನಡುವೆ ಬಿಸಿಲು ಬಿದ್ದ ದಿನ ಅದು. ಗೇಟಿನ ಕಂಬದ ನೆರಳು ಪಡುವಣಕ್ಕೆ ಬಿದ್ದಿದೆ. ಮಧ್ಯಾಹ್ನ ಒಂದೂವರೆಗೆ ನೆರಳು ಮೂಡಣಕ್ಕೆ ತಿರುಗಿರಬೇಕು. ಕೈಗಡಿಯಾರ ಕಟ್ಟದ ನಮ್ಮಪ್ಪ ಹೊಲದ ಬದುವಿನಲ್ಲಿ ನಿಂತು ನೆರಳು ನೋಡಿ ಬಸ್ಸಿನ ಹೊತ್ತು ಹೇಳುತ್ತಿದ್ದ. ನಾನು ಮೂಲೆಯ ಅಂಕಿ ನೋಡಿದೆ, ನೆಲ ನೋಡಲಿಲ್ಲ. ಇನ್ನೂ ಒಂದಿದೆ. ನನ್ನವಳು ಹೇಳಿದ ಹನ್ನೊಂದು ಗಂಟೆಯ ಚಿತ್ರವನ್ನು ಅಂದು ಒಮ್ಮೆ ತೆಗೆದು ನೋಡಿದ್ದರೂ ಸಾಕಾಗಿತ್ತು. ಅಲ್ಲಿ ಮಾವಶಿಯ ಬದಲು ಎಂಟೂವರೆಗೆ ಸ್ಕೂಟರ್ ಹತ್ತಿ ಕೆಲಸಕ್ಕೆ ಹೊರಟ ನಾನೇ ಕಾಣುತ್ತಿದ್ದೆ. ಸಂಶಯ ಇದ್ದ ಕಡೆ ಮಾತ್ರ ಹುಡುಕಿದೆ. ಆ ಹೊತ್ತಿನದು ಅಳಿಸಿಹೋಗಿ ಈಗ ಹದಿನೈದು ಇಪ್ಪತ್ತು ದಿನ ಆಗಿತ್ತು. ಉಳಿದದ್ದು ನಾನು ಆರಿಸಿಟ್ಟ ತುಣುಕೊಂದೇ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆ ನಮ್ಮಲ್ಲಿ ಸಾಲಿ ಹುಡುಗರಿಗೂ ಗೊತ್ತು. ಕೋರ್ಟಿಗೂ ಗೊತ್ತಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಲ್ಲಿ ಇಂಥ ಚಿತ್ರಗಳಿಗೆ ಒಂದು ಪ್ರಮಾಣಪತ್ರ ಬೇಕೆಂದಿದೆ. ಆ ಯಂತ್ರ ಆ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತೆಂಬುದನ್ನು ತೋರಿಸಬೇಕು. ಹಳೆಯ ಕಾಯ್ದೆಯಲ್ಲೂ 65ಬಿ ಎಂದು ಇದೇ ಇತ್ತು. ಮಾವಶಿ ಕೋರ್ಟಿನಲ್ಲಿ ನಿಂತಿದ್ದರೆ ವಕೀಲನೊಬ್ಬ ಮೊದಲು ಕೇಳುವ ಪ್ರಶ್ನೆ ಗಡಿಯಾರದ್ದೇ ಆಗಿರುತ್ತಿತ್ತು. ಆಕೆ ನಿಂತಿದ್ದು ನನ್ನ ಪಡಸಾಲೆಯಲ್ಲಿ. ಅಲ್ಲಿ ಫಿರ್ಯಾದಿ ನಾನು, ಸಾಕ್ಷಿ ನನ್ನ ಡಬ್ಬಿ, ನ್ಯಾಯಾಧೀಶನೂ ನಾನೇ.

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ಜನ ನ್ಯಾಯಾಧೀಶರು ಹೇಳಿದ ತೀರ್ಪು ನಮ್ಮವರೊಬ್ಬರ ಹೆಸರಿನಲ್ಲಿಯೇ ಇದೆ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯಕ್ಕೆ 2012ರಲ್ಲಿ ಅವರು ಕೋರ್ಟಿಗೆ ಹೋದಾಗ ಎಂಬತ್ತು ದಾಟಿತ್ತು. ಆ ಸುದ್ದಿ ಓದಿ ಇಲ್ಲಿನ ಗೆಳೆಯರ ಮುಂದೆ ಎದೆ ಉಬ್ಬಿಸಿದವನು ನಾನು. ಸರಕಾರ ನಮ್ಮನ್ನು ನೋಡಬಾರದು ಎಂದು ವಾದಿಸುವಾಗ ನನ್ನ ಗೇಟಿನ ಮೇಲಿನ ಕ್ಯಾಮೆರಾ ದಿನಕ್ಕೆ ಇಪ್ಪತ್ನಾಲ್ಕು ತಾಸು ಇಡೀ ಗಲ್ಲಿಯನ್ನು ನೋಡುತ್ತಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮನೆಬಳಕೆಗೆ ವಿನಾಯಿತಿ ಇದೆಯಂತೆ. ಇರಲಿ. ಮನೆಗೆಲಸಕ್ಕೆ ಬರುವವರಿಗೆ ನಮ್ಮ ಮನೆಬಳಕೆಯೇ ಅವರ ನೌಕರಿಯ ಜಾಗ.

ಹೊಸದು ತಗೊಳ್ರಿ ಅಂದಿದ್ದ ಹುಡುಗ. ಆತನ ಮಾತಿನಲ್ಲಿ ಹುರುಳಿತ್ತು. ಹಳೆಯ ಡಬ್ಬಿಗಳಿಗೆ ಕಂಪನಿಯವರು ಹೊಸ ತಂತ್ರಾಂಶ ಕಳಿಸುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥ ಡಿವಿಆರ್, ಕ್ಯಾಮೆರಾಗಳಿಗೇ ಕಾರ್ಖಾನೆಯ ಪಾಸ್‌ವರ್ಡ್ ಹಾಕಿ ನುಗ್ಗಿ, ಅವನ್ನೆಲ್ಲ ಸೇನೆ ಮಾಡಿಕೊಂಡು ಅಕ್ಟೋಬರ್ 21ರಂದು ಅಮೆರಿಕದಲ್ಲಿ ದೊಡ್ಡ ದೊಡ್ಡ ತಾಣಗಳನ್ನೇ ನಿಲ್ಲಿಸಿತ್ತು. ಕಾಯುವ ಯಂತ್ರಗಳೇ ಅಂದು ಕಳ್ಳರ ಬಂಟರು. ನಮ್ಮ ಸರಕಾರವೂ 2025ರ ಏಪ್ರಿಲ್‌ನಿಂದ ಕ್ಯಾಮೆರಾಗಳಿಗೆ ಸುರಕ್ಷತೆಯ ಪರೀಕ್ಷೆ ಕಡ್ಡಾಯ ಮಾಡಿದೆ. ಇದೆಲ್ಲ ಸರಿಯೇ. ಆದರೆ ನನಗೆ ಆ ಹಳೆಯ ಡಬ್ಬಿಯನ್ನು ಮೂಲೆಗೆ ಎಸೆಯಲು ಮನಸ್ಸು ಬರಲಿಲ್ಲ. ಎಸೆದರೆ ತಪ್ಪನ್ನೂ ಅದರ ಜೋಡಿಯೇ ಗುಜರಿಗೆ ಹಾಕಿದಂತಾಗುತ್ತದೆ ಅನ್ನಿಸಿತು. ಬ್ಯಾಟರಿ, ಅಡಾಪ್ಟರ್ ಎರಡನ್ನೇ ಬದಲಿಸು ಅಂದೆ. ಇಂಟರ್‌ನೆಟ್ಟಿನ ವಾಯರು ಕೀಳಿಸಿದೆ.

ಮರುದಿನ ರವಿವಾರ, ಮಾವಶಿಯ ಮನೆಗೆ ಹೋದೆ. ಒಂಬತ್ತು ವರ್ಷದಲ್ಲಿ ಮೊದಲನೆಯ ಸಲ. ಚಹಾ ಕೊಟ್ಟಳು. ಬ್ಯಾಟರಿ, ಚೀನದ ಹೊತ್ತು, ಎರಡೂವರೆ ತಾಸು ಎಲ್ಲ ವಿವರವಾಗಿ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಹಗುರ ಆಗುತ್ತಿತ್ತು. ಯಂತ್ರದ ತಪ್ಪು ಅಂದರೆ ಯಾರ ತಪ್ಪೂ ಅಲ್ಲ. ಆಕೆ ಪೂರ್ತಿ ಕೇಳಿ, "ಘಡ್ಯಾಳ ಬರೋಬರ ಅಸತಂ ತರ?" ಅಂದಳು.

ಗಡಿಯಾರ ಸರಿ ಇದ್ದಿದ್ದರೆ?

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ದಿನ ಆಕೆ ನಿಜವಾಗಿಯೂ ಒಂದೂವರೆಗೇ ಬಂದಿದ್ದರೆ? ಮರೆತ ಛತ್ರಿಗೆ, ನೀರು ಕುಡಿಯಲಿಕ್ಕೆ, ಅರ್ಧ ತಾಸು ಫ್ಯಾನಿನ ಕೆಳಗೆ ಕೂಡಲಿಕ್ಕೆ? ಕೀಲಿ ಕೊಟ್ಟದ್ದು ನಾವೇ ಅಲ್ಲವೇ? ಆಗಲೂ ನಾನು ಅದೇ ದನಿಯಲ್ಲಿ ಕೇಳುತ್ತಿದ್ದೆ, ಆಗಲೂ ಹಣದ ಬಗ್ಗೆ ನನಗೆ ಏನೂ ಗೊತ್ತಿರುತ್ತಿರಲಿಲ್ಲ. ಆಕೆ ಬಂದ ಹೊತ್ತು ತಿಳಿದರೆ ಆಕೆ ಎಂಥವಳೆಂದು ತಿಳಿದಂತೆ ಎಂದು ನನಗೆ ಯಾರು ಹೇಳಿದ್ದರು? ಒಂಬತ್ತು ವರ್ಷ ಆಕೆಯನ್ನು ಕಣ್ಣಾರೆ ಕಂಡಿದ್ದೆ. ಅದು ನನ್ನ ಲೆಕ್ಕದಲ್ಲಿ ಸಾಕ್ಷಿಯೇ ಆಗಲಿಲ್ಲ. ಡಬ್ಬಿಯ ಮೂವತ್ತೈದು ನಿಮಿಷ ಆಯಿತು. ಆಚೆ ಮನೆಯ ಆಜಿಗೆ ಇಂಥ ಯಾವ ಯಂತ್ರವೂ ಇಲ್ಲ. ಅಂದೇ ಆಕೆಯನ್ನು ಕೇಳಿದ್ದರೆ "ಅಕರಾಲಾ ಆಲೀ ಹೋತೀ ಕೀ" ಎಂದು ಬೀನ್ಸ್ ಸೋಸುತ್ತಲೇ ಹೇಳುತ್ತಿದ್ದಳು, ಹನ್ನೊಂದಕ್ಕೆ ಬಂದಿದ್ದಳಲ್ಲ ಅಂತ. ಲಕ್ಷ್ಯ ಅಂದರೆ ಅದು. ಅಲ್ಲಿ ನೋಡುವವರಿಗೆ ನೋಡಿಸಿಕೊಂಡವರ ಗುರುತೂ ಇರುತ್ತದೆ.

ಊರಿಗೆ ಫೋನು ಮಾಡಿದಾಗ ಅವ್ವನ ಮುಂದೆ ಹೇಳಿದೆ. "ರೊಕ್ಕ ಸಿಕ್ತೇನೋ?" ಎಂದು ಕೇಳಿದಳು. ಇಲ್ಲ ಅಂದೆ. ಇವತ್ತಿನವರೆಗೂ ಸಿಕ್ಕಿಲ್ಲ. "ಸಿಗಲಿಲ್ಲಂದ್ರ ಆಕೀನ್ನ ಮತ್ತ ಕರೀತೀ ಏನಪಾ?" ಅಂದಳು. ಈ ಪ್ರಶ್ನೆ ಮಾವಶಿಯದಕ್ಕಿಂತ ಕಠಿಣವಾಗಿತ್ತು. ಹಣ ಸಿಕ್ಕಿದ್ದರೆ ಆಕೆಯನ್ನು ಕರೆಯುವುದು ಸುಲಭವಿತ್ತು. ಸಿಗದೆಯೇ ಕರೆಯಬೇಕು.

ಕರೆದೆವು. ನನ್ನವಳು ಎರಡು ಸಲ ಹೋಗಿ ಕರೆದಳು, ನಾನು ಒಂದು ಸಲ. ಈ ಸಲ ಚೀನದ ಮಾತು ಎತ್ತದೆ, ತಪ್ಪು ನನ್ನದು ಅಂದೆ. ಬೇರೆ ಮನೆ ಹಿಡಿದಿದ್ದೇನೆ, ಹೊತ್ತು ಆಗುವುದಿಲ್ಲ ಅಂದಳು. ಸಿಟ್ಟಿನಿಂದಲ್ಲ, ಹೊತ್ತು ಆಗುವುದಿಲ್ಲ ಅಂತಷ್ಟೇ. ಆ ಮನೆ ನಮ್ಮ ಗಲ್ಲಿಯ ತುದಿಯಲ್ಲೇ ಇದೆ. ಹಾಗಾಗಿ ದಿನವೂ ನಮ್ಮ ಗೇಟಿನ ಮುಂದಿನಿಂದಲೇ ಹೋಗುತ್ತಾಳೆ. ಕೆಲವು ದಿನ ಸಂಜೆ ಬಂದು ಡಬ್ಬಿ ಹಚ್ಚಿ, ಆಕೆ ಇತ್ತ ನೋಡಿದಳೋ ಇಲ್ಲವೋ ಎಂದು ನೋಡುತ್ತಿದ್ದೆ. ಒಂದು ದಿನ ನನ್ನವಳು ಹಿಂದೆ ನಿಂತು, "ಏನ್ ಹುಡುಕಾಕತ್ತೀರಿ?" ಅಂದಳು.

ಮುಂದಿನ ವಾರ ಹುಡುಗನನ್ನು ಕರೆಸಿ ಗೇಟಿನ ಕ್ಯಾಮೆರಾದ ಮುಖ ಕೆಳಗೆ ಮಾಡಿಸಿದೆ. ಈಗ ನಮ್ಮ ಮೆಟ್ಟಿಲು, ಗೇಟಿನ ಒಳಮೈ, ತುಳಸಿಕಟ್ಟೆಯ ಒಂದು ಅಂಚು ಇಷ್ಟೇ ಕಾಣುತ್ತದೆ. ಗಲ್ಲಿ ಕಾಣುವುದಿಲ್ಲ. ದೀಪಾವಳಿಗೆ ಊರಿಗೆ ಹೋಗುವಾಗ ಆಜಿಗೆ ಕೀಲಿ ಕೊಡಲು ಹೋದೆ. ಹನ್ನೆರಡು ವರ್ಷ ಕೊಟ್ಟಿರಲಿಲ್ಲ. ಆಕೆ ಕನ್ನಡಕ ಮೂಗಿಗೆ ಇಳಿಸಿ, "ಕಾ? ಕ್ಯಾಮೆರಾ ಬಿಘಡಲಾ ಕಾಯ?" ಎಂದು ಕೇಳಿದಳು. ಯಾಕೆ, ಕ್ಯಾಮೆರಾ ಕೆಟ್ಟಿದೆಯೇನು?

ಇಲ್ಲ ಆಜಿ, ಚೆನ್ನಾಗಿ ನಡೆದಿದೆ ಅಂದೆ. ಕೀಲಿ ತಗೊಂಡು ದೇವರ ಗೂಡಿನ ಮೊಳೆಗೆ ಸಿಕ್ಕಿಸಿದಳು.