ಬೈಗುಳ ಯಾರಿಗೆ ಸಲ್ಲಬೇಕು?

ಚಂದ್ರಾ ಲೇಔಟಿನ ನಮ್ಮ ರಸ್ತೆಯಲ್ಲಿ ಮೊನ್ನೆ ಬೆಳಿಗ್ಗೆ ಎದುರುಮನೆ ಆಂಟಿ, ನೀರು ಬಿಡಲು ಬಂದವರನ್ನು ತರಾಟೆಗೆ ತೆಗೆದುಕೊಂಡರು. ‘ಎರಡು ಗಂಟೆ ಬರ್ತಿದ್ದ ನೀರು ಒಂದೇ ಗಂಟೆಗೆ ನಿಂತ್ರೆ ಹೇಗಪ್ಪಾ?’ ಅವರು ಕೈಯಲ್ಲಿದ್ದ ಕಬ್ಬಿಣದ ಕೀ ನೆಲಕ್ಕೂರಿ ನಿಂತು, ‘ತಿರುಗಿಸೋದಷ್ಟೇ ನಾನು ಅಮ್ಮಾ. ಟೈಮ್ ಹಾಕೋರು ಬೇರೆಯವರು’ ಎಂದರು. ರಸ್ತೆಯ ಕೊನೆಯ ಮನೆಗಳಿಗೆ ನೀರು ಏರುವುದಿಲ್ಲ ಎನ್ನುವುದು ಅವರಿಗೆ ಗೊತ್ತು. ಗೊತ್ತಿರುವವರಿಗೆ ಅಧಿಕಾರವಿಲ್ಲ, ಅಧಿಕಾರವಿರುವವರಿಗೆ ನಮ್ಮ ರಸ್ತೆ ಗೊತ್ತಿಲ್ಲ.

ವಿಕೇಂದ್ರೀಕರಣದ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನಾನು ಇದನ್ನು ಬಹುಕಾಲ ದಕ್ಷತೆಯ ಪ್ರಶ್ನೆ ಎಂದೇ ಓದಿದ್ದೆ. ಅಂದು ಅದು ನ್ಯಾಯದ ಪ್ರಶ್ನೆಯಾಗಿ ಕಂಡಿತು. ತಾನು ನಿರ್ಧರಿಸದ ವಿಷಯಕ್ಕೆ ಒಬ್ಬರು ಬೈಸಿಕೊಳ್ಳುವುದು ಸರಿಯೇ?

ಉತ್ತರ ನಮ್ಮಲ್ಲಿ ಹೊಸದೇನಲ್ಲ. ಅಬ್ದುಲ್ ನಜೀರ್ ಸಾಬ್ ಮುಂದೆ ನಿಂತು ರೂಪಿಸಿದ 1983ರ ಕಾಯ್ದೆ, 1987ರ ಚುನಾವಣೆಯೊಂದಿಗೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದಿತು. ನಗರಗಳಿಗೆ ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ವಾರ್ಡ್ ಸಮಿತಿಗಳ ದಾರಿ ತೋರಿತು. ಆದರೆ ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಪಾಲಿಕೆ ಐದಾಯಿತು. ಒಡೆಯುವುದು ಬೇರೆ, ಹಂಚುವುದು ಬೇರೆ.

ಹಾಗಂತ ಕೆಳಗಿಳಿದ ಅಧಿಕಾರವೆಲ್ಲ ನ್ಯಾಯವೇ? ಹಳ್ಳಿಯ ನೀರಗಂಟಿಯನ್ನು ನೆನೆಯೋಣ. ಕೆರೆಯ ತೂಬೆತ್ತಿ, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳುತ್ತಿದ್ದವರು ಅವರು. ಅನೇಕ ಊರುಗಳಲ್ಲಿ ಈ ಕೆಲಸ ದಲಿತರದ್ದು. ಎಷ್ಟೋ ಕಡೆ ಅವರಿಗೇ ಊರ ಬಾವಿಯ ನೀರು ಸಿಗುತ್ತಿರಲಿಲ್ಲ. ಹಳ್ಳಿಯನ್ನು ಹಾಡಿ ಹೊಗಳುವವರನ್ನು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಪ್ರಶ್ನಿಸಿದ್ದನ್ನು ಮರೆಯಬಾರದು. ನಮ್ಮ ರಸ್ತೆಯಲ್ಲಿ ನಾಳೆ ಸಮಿತಿಯಾದರೂ ಮಾತಾಡುವವರು ಸಂಪು, ಟ್ಯಾಂಕು ಇರುವ ಮನೆಯೊಡೆಯರೇ. ಹಿಂದಿನ ಔಟ್‌ಹೌಸಿನ ಬಾಡಿಗೆದಾರರಲ್ಲ.

ಹಾಗಾಗಿ ನನಗೆ ತೋಚುವುದು ಇಷ್ಟು: ಅಧಿಕಾರ ಕೆಳಗಿಳಿಯಲಿ, ಹಕ್ಕಿನ ಕಾವಲು ಮೇಲಿರಲಿ. ಪ್ರತಿ ಮನೆಗೂ ಕನಿಷ್ಠ ಇಷ್ಟು ನೀರು ಎಂಬುದನ್ನು ಮೇಲಿನವರು ಕಾಯಲಿ. ಯಾವ ರಸ್ತೆಗೆ ಯಾವ ಹೊತ್ತು ಎಂಬುದನ್ನು, ವಾಲ್ವ್ ತಿರುಗಿಸುವವರನ್ನೂ ಬಾಡಿಗೆದಾರರನ್ನೂ ಕೂರಿಸಿಕೊಂಡು ವಾರ್ಡೇ ನಿರ್ಧರಿಸಲಿ. ಆಗಲೂ ಆಂಟಿ ಬೈಯಬಹುದು. ಆದರೆ ಆ ಬೈಗುಳ ಸೇರಬೇಕಾದವರನ್ನೇ ಸೇರುತ್ತದೆ; ಅವರಲ್ಲಿ ಆಂಟಿಯೂ ಒಬ್ಬರಾಗಿರುತ್ತಾರೆ.