ಇಂದಿನ ಧಮ್ಮ ಚಿಂತನೆ: ಡಬ್ಬಿಯೊಳಗಿನ ಜೇಡ



ತಾಂಬಾದ ಹಳ್ಳದ ದಂಡೆಯಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ದೊಡ್ಡದೊಂದು ಜೇಡವನ್ನು ಅಗೆದು, ಮಣ್ಣು ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಶಾಲೆಗೆ ತಂದ. ಮೂಲೆಯಲ್ಲಿ ಬಲೆ ಕಟ್ಟುವ ಜಾತಿಯದಲ್ಲ. ನೆಲದಲ್ಲಿ ಬಿಲ ತೋಡಿ, ಒಳಗೋಡೆಗೆ ನೂಲು ಹೊದಿಸಿ, ಮಣ್ಣು ನೂಲು ಸೇರಿಸಿ ಬಿಲದ ಬಾಯಿಗೆ ಮುಚ್ಚಳ ಕೂಡಿಸುತ್ತದೆ. ಟ್ರ್ಯಾಪ್‌ಡೋರ್ ಜೇಡ ಎನ್ನುತ್ತಾರೆ. ರಾತ್ರಿ ಮುಚ್ಚಳದ ಕೆಳಗೆ ಕಾದು ಕೂತು, ಹುಳದ ನಡಿಗೆಗೆ ನೆಲ ಅದುರಿದರೆ ಸಾಕು, ಚಂಗನೆ ಹಿಡಿಯುತ್ತದೆ. ಪಾಠಕ್ಕೆ ಒಳ್ಳೆಯದಾಯಿತೆಂದು ನಾನೇ ಡಬ್ಬಿಯನ್ನು ಕಿಟಕಿಯಲ್ಲಿ ಇಡಿಸಿದೆ.

ಮೂರು ದಿನವಾದರೂ ಅದು ಬಿಲ ತೋಡಲಿಲ್ಲ. ಮಕ್ಕಳು ಡಬ್ಬಿ ತಟ್ಟಿದಾಗಲೆಲ್ಲ ಮುದುಡಿ ಕೂರುತ್ತಿತ್ತು. ಬಿಟ್ಟು ಬರೋಣ ಎಂದೆ. ಹುಡುಗ ಕೇಳಿದ: "ಸರ್, ಇದು ಬಿಲ ಬಿಟ್ಟು ಹೊರಗ ಬರೂದೇ ಇಲ್ರಿ. ದಂಡ್ಯಾಗ ಇದ್ರೇನು, ಡಬ್ಬ್ಯಾಗ ಇದ್ರೇನ್ರಿ? ಹುಳಾ ನಾವ ಹಾಕ್ತೀವಿ."

ಪ್ರಶ್ನೆ ಸಣ್ಣದಲ್ಲ. ಹೆಣ್ಣು ಜೇಡ ಆಯುಷ್ಯವನ್ನೆಲ್ಲ ಒಂದೇ ಬಿಲದಲ್ಲಿ ಕಳೆಯುವುದು ನಿಜ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಲ್ಲಿ ಇಂಥ ಜೇಡಗಳ ಅಧ್ಯಯನ ಆರಂಭಿಸಿದರು. ಅವುಗಳಲ್ಲಿ 16ನೇ ನಂಬರಿನದು 43 ವರ್ಷ ಬದುಕಿತು. 2016ರಲ್ಲಿ ನೋಡಿದಾಗ ಜೇಡವಿರಲಿಲ್ಲ, ಮುಚ್ಚಳಕ್ಕೆ ತೂತು ಬಿದ್ದಿತ್ತು. ಕಣಜ ಹೊಕ್ಕಿರಬೇಕು ಎಂದರು. ಡಬ್ಬಿಯಲ್ಲಿ ಕಣಜದ ಭಯವಿಲ್ಲ. ಹಾಗಾದರೆ ಡಬ್ಬಿಯೇ ಮೇಲಲ್ಲವೇ?

ಮೊದಲ ಶೀಲ ಕೊಲ್ಲಬೇಡ ಎನ್ನುತ್ತದೆ. ನಾವು ಕೊಂದಿರಲಿಲ್ಲ, ಸಾಕಿದ್ದೆವು. ಆದರೆ ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬಿಡಿಸಿ ತೋರಿಸಿದ್ದಾರಲ್ಲ, ಅದೇ ಅಳತೆಯನ್ನು ಕೂಡಿಹಾಕುವುದಕ್ಕೂ ಇಟ್ಟು ನೋಡಿದೆ. ಡಬ್ಬಿಯ ಅಗತ್ಯ ಜೇಡಕ್ಕಿರಲಿಲ್ಲ, ತೋರಿಸುವ ಆಸೆ ನನಗಿತ್ತು. ಮೇನ್ ಅವರು ಬಿಲದ ಪಕ್ಕ ಗುರುತಿನ ಗೂಟ ನೆಟ್ಟು, ನೋಡಬೇಕೆಂದಾಗ ತಾವೇ ಅಲ್ಲಿಗೆ ಹೋಗುತ್ತಿದ್ದರು.

ಹುಡುಗನ ಮಾತು ಇನ್ನೊಂದು ಕಾರಣಕ್ಕೂ ಚುಚ್ಚಿತು. "ಅವರಿಗೆ ಅಲ್ಲೇ ರೂಢಿ, ಅಲ್ಲೇ ಸುಖ" ಎಂದು ನಮ್ಮ ಅಜ್ಜಂದಿರ ಕೇರಿಯ ಬಗ್ಗೆಯೂ ಊರು ಹೇಳುತ್ತಿತ್ತು. ಹೇಳಿದವರು ಕೇರಿಯವರನ್ನು ಕೇಳಿರಲಿಲ್ಲ. (ಮನುಷ್ಯರನ್ನು ಜೇಡಕ್ಕೆ ಹೋಲಿಸುತ್ತಿಲ್ಲ. ಆ ಮಾತಾಡುವ ಬಾಯಿ ಒಂದೇ ಎನ್ನುತ್ತಿದ್ದೇನೆ. ಈ ಸಲ ಅದು ನನ್ನದೂ ಆಗಿತ್ತು.)

ಬಿಡುವುದೂ ಸುಲಭವಿರಲಿಲ್ಲ. ಹಳೆಯ ಬಿಲ ಗುದ್ದಲಿಗೆ ಸಿಕ್ಕು ಒಡೆದುಹೋಗಿತ್ತು. ಬೆಳೆದ ಜೇಡಕ್ಕೆ ಹೊಸದು ತೋಡುವುದು ಕಷ್ಟ, ಬಯಲಲ್ಲಿ ಬಿಟ್ಟರೆ ಹಕ್ಕಿಗೋ ಇರುವೆಗೋ ತುತ್ತು. ಹೊತ್ತು ಮುಳುಗಿದ ಮೇಲೆ ಅದೇ ದಂಡೆಯಲ್ಲಿ ಸಲಾಕೆಯಿಂದ ಗೇಣುದ್ದ ತೂತು ಮಾಡಿ, ಅದರ ಬಾಯಿಗೆ ಬಿಟ್ಟೆವು. ಸ್ವಲ್ಪ ಹೊತ್ತು ನಿಂತು, ಒಳಗೆ ಇಳಿಯಿತು. ಹುಡುಗ ಪಕ್ಕದಲ್ಲೊಂದು ಜಾಲಿ ಕಡ್ಡಿ ನೆಟ್ಟ.

ಹದಿನೈದು ದಿನವಾಯಿತು. ತೂತಿನ ಬಾಯಿ ಇನ್ನೂ ತೆರೆದೇ ಇದೆ.